ಉಳಿಸಿ, ಅಳಿಸಿ

ಕೊಟ್ಟೂರಿನ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಟೈಪ್ ಮಾಡಲು ಬಳಸುವುದು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಂಡು, ಬೇಕಾದಂತೆ ತಿದ್ದಿಕೊಳ್ಳಬಹುದಾದ ಒಂದು ತಂತ್ರಾಂಶ. ಅದರ ಗುಂಡಿಗಳ ಹೆಸರು ಅರೆಬರೆ ಕನ್ನಡ. 'ಸಹಾಯ' ಒತ್ತಿದರೆ ಬರುವ ಪುಟಗಳೆಲ್ಲ ಇಂಗ್ಲಿಷು. ನಮ್ಮ ಮಕ್ಕಳು ಅದನ್ನು ನೋಡಿ ಮೆಲ್ಲಗೆ ಮುಚ್ಚಿಬಿಡುತ್ತಿದ್ದರು. ಇವನ್ನು ಕನ್ನಡಕ್ಕೆ ತರೋಣ ಬರ್ರಿ ಎಂದು ಸುತ್ತಲಿನ ಊರುಗಳ ಪರಿಚಯದವರನ್ನೆಲ್ಲ ವಾಟ್ಸಾಪ್ ಗುಂಪಿಗೆ ಸೇರಿಸಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಕೆಲಸಕ್ಕೆ ನಿಂತವರು ಇಬ್ಬರೇ.

ಒಬ್ಬರು ಹರಪನಹಳ್ಳಿಯ ನಿವೃತ್ತ ಕನ್ನಡ ಮೇಷ್ಟ್ರು. ಇನ್ನೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ, ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್, ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು.

ಮೊದಲು ಗುಂಡಿಗಳ ಹೆಸರು ಸರಿಮಾಡಲು ಕುಳಿತೆವು. ಸೇವ್‌ಗೆ 'ಉಳಿಸಿ', ಡಿಲೀಟ್‌ಗೆ 'ಅಳಿಸಿ' ಎಂದರು ಮೇಷ್ಟ್ರು. "ಎಷ್ಟು ಚೆನ್ನಾಗಿ ಪ್ರಾಸ ಕೂಡ್ತು ನೋಡ್ರಿ!"

"ಪ್ರಾಸ ಚೆಂದ ಐತ್ರಿ ಸರ್," ಎಂದಳು ಅವಳು. "ಆದ್ರ ಒಂದಕ್ಷರ ತಪ್ಪಿ ಒತ್ತಿದ್ರ ಬರೆದದ್ದೆಲ್ಲ ಹೋಗ್ತೈತಿ. ನಮ್ ಅಂಗಡಿಗೆ ಬರೋರು ಗಡಿಬಿಡಿ ಮಂದಿ."

"ಅಕ್ಷರ ಬಲ್ಲೋರು ಯಾಕಮ್ಮ ತಪ್ಪಿ ಒತ್ತಾರೆ?" ಎಂದು ಮೇಷ್ಟ್ರು ಮುಖ ಸಪ್ಪಗೆ ಮಾಡಿಕೊಂಡರು. ಹಿರಿಯರ ಮಾತೆಂದು ಅದನ್ನೇ ಇಟ್ಟೆ.

ಸಹಾಯದ ಪುಟಗಳನ್ನು ವಾರವಾರ ನಾನು ಇಬ್ಬರಿಗೂ ಹಂಚಿ ಕಳಿಸತೊಡಗಿದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರ ಫೋನು ಬಂತು. "ನಿಮ್ ಕಂಪ್ಯೂಟರು ನಾನು ಬರೆದ ಪುಟಾನೇ ನುಂಗಿಬಿಟ್ಟೈತೆ ಕಣ್ರಿ!" ಯಾವ ಗುಂಡಿ ಒತ್ತಿದಿರಿ ಎಂದು ಮೆಲ್ಲಗೆ ವಿಚಾರಿಸಿದೆ. ನೋಡಿ ಹೇಳ್ತೀನಿ ಎಂದು ಫೋನಿಟ್ಟರು. ಸಂಜೆ ಅವರೇ ಗುಂಪಿನಲ್ಲಿ ಬರೆದರು: 'ಉಳಿಸಲು ಹೋಗಿ ಅಳಿಸಿದೆ. ಆ ಹುಡುಗಿಯ ಮಾತು ಸರಿ.'

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ, ನೇರ ಅವರಿಗೆ ಫೋನು ಮಾಡಿದಳು. "ಸರ್, ಮೊದ್ಲು ಕಣ್ಣು ತೋರಿಸ್ಕೊಳ್ರಿ." ಅವರು ಇವತ್ತು ನಾಳೆ ಎಂದರು. ಇವಳು ಬಿಡದೆ ಬೆನ್ನು ಹತ್ತಿದಳು. ಕೊನೆಗೆ ಮೇಷ್ಟ್ರ ಸೊಸೆ ಅವರನ್ನು ದಾವಣಗೆರೆಗೆ ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಆಯಿತು, ಕೆಲವು ವಾರ ಕಂಪ್ಯೂಟರು, ಮೊಬೈಲು ನೋಡಲೇಬೇಡಿ ಎಂದರು ಡಾಕ್ಟರು.

"ನನ್ನ ಬಿಟ್ಬಿಡ್ರಿ ಇನ್ನು," ಎಂದು ಮೇಷ್ಟ್ರು ಸೋತ ದನಿಯಲ್ಲಿ ಹೇಳಿದರು.

"ಬಿಡೋದ್ಯಾಕ್ರಿ? ನಾ ಓದ್ತೀನಿ, ನೀವು ಕೇಳ್ರಿ," ಎಂದಳು ಅವಳು.

ಮಧ್ಯಾಹ್ನ ಅಂಗಡಿಯ ಗದ್ದಲ ಇಳಿದ ಮೇಲೆ ಫೋನಿನಲ್ಲಿ ಓದು ನಡೆಯುತ್ತಿತ್ತು. ಕೆಲಸದ ಮೇಲೆ ಕೂಡ್ಲಿಗಿಗೆ ಹೋದವನು ಒಮ್ಮೆ ಅವಳ ಅಂಗಡಿಯಲ್ಲೇ ಕುಳಿತು ಕೇಳಿದೆ. ಮೇಷ್ಟ್ರ ಹಳೆಯದೊಂದು ಉದ್ದ ವಾಕ್ಯವನ್ನು ಓದುತ್ತ ಅವಳು ನಡುವೆ ನಿಂತಳು. "ಸರ್, ಇದು ಮುಗಿಯೋದ್ರೊಳಗ ನನ್ನ ಉಸಿರು ಕಟ್ತೈತ್ರಿ." ಆ ಕಡೆಯಿಂದ ನಗು. "ಮುರಿದು ಎರಡು ಮಾಡಮ್ಮ." ಅವಳ ಪುಟ ಬಂದಾಗ ಅವರ ಸರದಿ. "'ಮಾಡಬಹುದಾಗಿರುತ್ತದೆ' ಯಾಕೆ? 'ಮಾಡಬಹುದು' ಅಂದ್ರೆ ಸಾಲದೇನು?" ದಿನವಿಡೀ ಕಚೇರಿಯ ಅರ್ಜಿ ಟೈಪ್ ಮಾಡಿದವಳ ಬೆರಳಿಗೆ ಅದೇ ರೂಢಿ. ನಾಲಗೆ ಕಚ್ಚಿಕೊಂಡು ತಿದ್ದಿದಳು.

ಝೆರಾಕ್ಸಿಗೆ ಬಂದ ಹೆಂಗಸೊಬ್ಬಳು ಇದನ್ನೆಲ್ಲ ಕೇಳಿಸಿಕೊಂಡು, "ಯಾರವ್ವಾ ಫೋನಿನ್ಯಾಗ, ನಿಮ್ಮಪ್ಪಾರೇನು?" ಎಂದಳು.

"ನಮ್ ಸರ್ರು. ಭಾಳ ಜಗಳ ತೆಗಿತಾರ," ಎಂದಳು ಇವಳು, ಫೋನಿಗೂ ಕೇಳಿಸುವ ಹಾಗೆ.

ಡಿಲೀಟ್ ಗುಂಡಿ 'ತೆಗೆದುಹಾಕಿ' ಆಯಿತು. ಆ ಮಾತು ಕೊಟ್ಟವರೂ ಮೇಷ್ಟ್ರೇ. ಪುಟಗಳು ಒಂದೊಂದಾಗಿ ಪ್ರಕಟವಾದವು. ಲ್ಯಾಬಿನ ಮಕ್ಕಳು ಈಗ ಸಹಾಯ ತೆರೆದರೆ ಒಡನೆ ಮುಚ್ಚುವುದಿಲ್ಲ, ಪರದೆಗೆ ಬೆರಳಿಟ್ಟುಕೊಂಡು ಓದುತ್ತಾರೆ. ಅವರ ಬೆನ್ನ ಹಿಂದೆ ನಿಂತು ನಾನೂ ಓದುತ್ತೇನೆ. ಕೆಲವು ಸಾಲುಗಳಲ್ಲಿ ಆ ಇಬ್ಬರ ಜಗಳ ಕಿವಿಗೆ ಬೀಳುತ್ತದೆ.

ಮೇಷ್ಟ್ರಿಗೆ ಈಗ ಸಣ್ಣಕ್ಷರವೂ ಸ್ಪಷ್ಟ. ಆದರೂ ಮಧ್ಯಾಹ್ನದ ಫೋನು ನಿಂತಿಲ್ಲವೆಂದು ತಿಳಿದು, "ಈಗ ನೀವೇ ಓದ್ಕೋಬಹುದಲ್ರಿ ಸರ್?" ಎಂದೆ.

"ಓದ್ಕೋಬಹುದು. ಆದ್ರೆ ಆ ಹುಡುಗಿ ಓದಿದಾಗ್ಲೇ ನನಗೆ ತಪ್ಪು ಸಿಗ್ತಾವೆ," ಎಂದರು ಗಂಭೀರವಾಗಿ.

ಫೋನಿಟ್ಟ ಮೇಲೆ ಹೊಳೆಯಿತು, ಓದಲು ನಾನು ಆ ವಾರ ಅವರಿಬ್ಬರಿಗೂ ಯಾವ ಪುಟವನ್ನೂ ಕಳಿಸಿರಲಿಲ್ಲ.