ಕತ್ತರಿ ಬಿದ್ದ ಕಡೆ ಕಥೆ ನಿಲ್ಲಬೇಕು

ಟೈಲರಕ್ಕನ ಅಂಗಡಿಯಲ್ಲಿ ಭಾನುವಾರ ಹೊಲಿಗೆ ನಡೆಯುವುದಿಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ ಶಟರನ್ನು ಅರ್ಧಕ್ಕೆ ಎಳೆದು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನಿಂದ ಚೂರುಪಾರೆಲ್ಲ ಗುಡಿಸಿ, ಅದರ ಮೇಲೆ ಪುಸ್ತಕ ಹರಡುತ್ತಾರೆ. ಬರುವವರೇನು ಬಹಳ ಮಂದಿಯಲ್ಲ. ಬಸ್ ಕಂಡಕ್ಟರ್, ಪಕ್ಕದ ಬೀದಿಯ ಔಷಧಿ ಅಂಗಡಿಯವರು, ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂರುವ ಟೈಲರಕ್ಕನ ಸ್ವಂತ ತಂಗಿ, ಆಗೊಮ್ಮೆ ಈಗೊಮ್ಮೆ ತಲೆ ಹಾಕುವ ಒಬ್ಬಿಬ್ಬರು. ಈಚೆಗೆ ಓದಿದ್ದನ್ನು ಬಾಯ್ತುಂಬ ಹೇಳಿ, 'ನೀನೂ ಓದು' ಎಂದು ಇನ್ನೊಬ್ಬರ ಕೈಗೆ ತುರುಕುವುದೇ ಇವರ ಭಾನುವಾರದ ಕೆಲಸ. ಔಷಧಿ ಅಂಗಡಿಯವರಿಗೆ ಕೊಲೆಯಿಲ್ಲದ ಪುಸ್ತಕ ರುಚಿಸುವುದಿಲ್ಲ. ಕಂಡಕ್ಟರಿಗೆ ಪ್ರವಾಸದ ಹುಚ್ಚು. ದಿನವಿಡೀ ಒಂದೇ ರೂಟಿನಲ್ಲಿ ಗಾಣದೆತ್ತಿನ ಹಾಗೆ ಸುತ್ತುವವನಿಗೆ ಇನ್ನೇನು ಬೇಕು ಹೇಳಿ.

ಇಲ್ಲಿ ಒಂದು ಕಟ್ಟುಪಾಡು ಇದೆ. ಹಿಂದೊಮ್ಮೆ ಕಂಡಕ್ಟರ್ ಅರ್ಧ ಓದಿದ್ದ ಪುಸ್ತಕದ ಕೊಲೆಗಾರ ಯಾರೆಂದು ಔಷಧಿ ಅಂಗಡಿಯವರು ಬಾಯಿ ತಪ್ಪಿ ಹೇಳಿಬಿಟ್ಟು, ಇಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಅವತ್ತು ಟೈಲರಕ್ಕ ಗೋಡೆಯ ಮೊಳೆಯಿಂದ ದೊಡ್ಡ ಕತ್ತರಿ ತೆಗೆದು ಗಾಳಿಯಲ್ಲಿ 'ಕಚಕ್' ಎನಿಸಿ, "ಸಾಕು! ಇನ್ಮೇಲೆ ಕತ್ತರಿ ಬಿದ್ದ ಕಡೆ ಕಥೆ ನಿಲ್ಲಬೇಕು" ಎಂದಿದ್ದಳು. ಅಂದಿನಿಂದ ಕಥೆ ಹೇಳುವವರ ಕೈಯಲ್ಲಿ ಕತ್ತರಿ. ಕೊನೆ ಹತ್ತಿರ ಬಂದಾಗ ಕಚಕ್. ಮುಂದೇನಾಯಿತು ಎಂಬ ಚಡಪಡಿಕೆ ತಡೆಯಲಾರದವರು ಪುಸ್ತಕ ಒಯ್ಯಬೇಕು. ಒಯ್ದವರು ಸುಮ್ಮನೆ ತಂದು ಮೇಜಿನ ಮೇಲೆ ಎಸೆಯುವ ಹಾಗಿಲ್ಲ. ಕೊನೆ ಏನಾಯಿತೆಂದು ಪುಸ್ತಕ ಹೇಳಿದವರ ಕಿವಿಯಲ್ಲಿ ಪಿಸುಗುಟ್ಟಬೇಕು. ಅವರು ಎಲ್ಲರಿಗೂ ಕೇಳುವಂತೆ 'ಸರಿ' ಅನ್ನಬೇಕು. ಓದದೆಯೇ 'ಆಹಾ ಅದ್ಭುತ' ಎಂದು ವಾಪಸು ಕೊಡುವ ಕಂಡಕ್ಟರನ ಚಾಳಿ ಬಿಡಿಸಲು ಹುಟ್ಟಿದ ಉಪಾಯ ಅದು.

ಕತ್ತರಿ ಹಿಡಿದು ಕಥೆ ಹೇಳುವುದರಲ್ಲಿ ಟೈಲರಕ್ಕನನ್ನು ಮೀರಿಸಿದವರಿಲ್ಲ. ಅಂಥವಳು ಈಚೆಗೆ ಕತ್ತರಿ ಕೈಗೆ ಬಂದರೆ ಒಳಗೊಳಗೇ ಹೆದರುತ್ತಿದ್ದಳು.

ಶುರುವಾದದ್ದು ಅಂಬಿಗನ ಕಾದಂಬರಿಯಿಂದ. ಕಣ್ಣು ಮಂಜಾಗುತ್ತಿರುವ ಮುದುಕ ಅಂಬಿಗ, ನೀರಿನ ಸದ್ದು ಕೇಳಿಯೇ ದೋಣಿ ದಾಟಿಸುವವನು. ದಟ್ಟ ಮಂಜಿನಲ್ಲಿ ಒಬ್ಬಳೇ ಹುಡುಗಿಯನ್ನು ಕೂರಿಸಿಕೊಂಡು ಹೊರಟಿದ್ದಾನೆ. ಅಲ್ಲಿಯವರೆಗೂ ಟೈಲರಕ್ಕ ಹೇಳುತ್ತ ಬಂದಳು. ಔಷಧಿ ಅಂಗಡಿಯವರು ಕೊಲೆಯಿಲ್ಲ ಎನ್ನುವುದನ್ನೂ ಮರೆತು ಬಾಯಿ ತೆರೆದು ಕೂತಿದ್ದರು. ನಡು ಹೊಳೆಯಲ್ಲಿ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಆಮೇಲೆ?

ಆಮೇಲೆ ಏನೂ ಇರಲಿಲ್ಲ. ನಾಲಿಗೆಯ ತುದಿಯಲ್ಲಿಯೂ ಇರಲಿಲ್ಲ. ಹಿಂದಿನ ದಿನವಷ್ಟೇ ಓದಿ ಮುಗಿಸಿದ ಪುಸ್ತಕ, ಕಣ್ಣೊರೆಸಿಕೊಂಡು ಮಡಚಿಟ್ಟದ್ದು ನೆನಪಿದೆ. ಯಾಕೆ ಅತ್ತೆ ಎನ್ನುವುದು ನೆನಪಿಲ್ಲ. ಕೈ ತಾನಾಗಿ ಮೇಲೆದ್ದು ಕಚಕ್ ಎನಿಸಿತು.

"ಅಯ್ಯೋ, ಎಂಥಾ ಜಾಗದಲ್ಲಿ ಕತ್ತರಿ ಹಾಕಿದ್ರಿ! ನೀವು ಮನುಷ್ಯರಾ?" ಕಂಡಕ್ಟರ್ ಕೂಗಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಕತ್ತರಿ ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು.

ಕಂಡಕ್ಟರ್ ಕೈ ಚಾಚುವ ಮೊದಲೇ ತಂಗಿ ಪುಸ್ತಕವನ್ನು ಎತ್ತಿಕೊಂಡಳು. "ನಾನು ಒಯ್ತೀನಿ ಅಕ್ಕ" ಎಂದಳು. ಯಾಕೋ ನಗಲಿಲ್ಲ.

ಟೈಲರಕ್ಕನ ಹೆದರಿಕೆಗೆ ಕಾರಣವಿತ್ತು. ಹೊಲಿಗೆ ಕಲಿಸಿದ ಅಮ್ಮ ಸರಿಯಾಗಿ ಅವಳ ಈಗಿನ ವಯಸ್ಸಿನಲ್ಲೇ ಮರೆಯಲು ಶುರು ಮಾಡಿದ್ದು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ಮನೆಯ ದಾರಿ. ಒಂದು ಬೆಳಿಗ್ಗೆ ಅಮ್ಮ ಅಂಗಿಯ ಅಂಚು ಮಡಚಿ ಹೊಲಿಯುತ್ತ, ಎದುರು ಕಾಫಿ ಹಿಡಿದು ನಿಂತಿದ್ದ ತಂಗಿಯನ್ನು ನೋಡಿ, "ನೀನು ಯಾರ ಮನೆ ಹುಡುಗೀನಮ್ಮ?" ಎಂದು ಕೇಳಿದ್ದಳು. ಬಹಳ ಅಕ್ಕರೆಯಿಂದಲೇ ಕೇಳಿದ್ದಳು. ಹೊಲಿಗೆ ಒಂದು ನೂಲೂ ಆಚೀಚೆ ಆಗಿರಲಿಲ್ಲ. ತಂಗಿಯ ಮುಖ ಅವತ್ತು ಹೇಗಾಗಿತ್ತೆಂಬುದು ಟೈಲರಕ್ಕನ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಳಾದ್ದು, ಮರೆಯಬೇಕಾದ್ದು ಮರೆತುಹೋಗುವುದಿಲ್ಲ.

ಆ ವಾರವೆಲ್ಲ ಅವಳು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಳು. ಗಿರಾಕಿಗಳ ಅಳತೆಗಳನ್ನು ತನ್ನನ್ನೇ ಕೇಳಿಕೊಂಡಳು. ಬ್ಯಾಂಕಿನ ಕಾವಲುಗಾರನ ಎಡ ಭುಜ ಬಲಕ್ಕಿಂತ ತಗ್ಗು, ಹೋಟೆಲಿನ ಯಜಮಾನನಿಗೆ ಸೊಂಟದ ಕಡೆ ಪ್ರತಿ ವರ್ಷ ಬಟ್ಟೆ ಜಾಸ್ತಿ ಬಿಡಬೇಕು. ಎಲ್ಲ ಪಟಪಟನೆ ಬಂತು. 'ನೋಡು, ಸುಮ್ಮನೆ ಹೆದರುತ್ತೀಯ' ಎಂದು ಸಮಾಧಾನ ಮಾಡಿಕೊಂಡಳು. ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಕೂತು ಬೇರೊಂದು ಸಣ್ಣ ಕಥೆ ಓದಿ, ಕಾಲರು ಹೊಲಿಯುತ್ತ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಲು ನೋಡಿದಳು. ಅರ್ಧದಲ್ಲಿ ಕಥೆ ತಪ್ಪಿಸಿಕೊಂಡಿತು. ಮಷೀನಿನ ಮೇಲಿಟ್ಟ ಕಾಲು ನಿಂತುಹೋಯಿತು. ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೋದರೆ ಅವರು ಅದಕ್ಕೊಂದು ಹೆಸರಿಟ್ಟುಬಿಡುತ್ತಾರೆ. ಹೆಸರಿಟ್ಟ ಮೇಲೆ ಅದು ಮನೆಯಲ್ಲೇ ಠಿಕಾಣಿ ಹೂಡುತ್ತದೆ ಎಂಬುದು ಅವಳ ಭಯ.

ಅದಕ್ಕಿಂತ ಹತ್ತಿರದ ಭಯ ಭಾನುವಾರದ್ದು. ತಂಗಿ ಬಂದು ಕೊನೆಯನ್ನು ಕಿವಿಯಲ್ಲಿ ಹೇಳುತ್ತಾಳೆ. ಗೊತ್ತಿಲ್ಲದ್ದಕ್ಕೆ ತಾನು 'ಸರಿ' ಅನ್ನಬೇಕು. ಪುಸ್ತಕವೂ ಕೈಯಲ್ಲಿಲ್ಲ, ತಿರುವಿ ನೋಡಲು. ಕೇಳಿದರೆ ಗುಟ್ಟು ರಟ್ಟು.

ಭಾನುವಾರ ತಂಗಿ ಎಲ್ಲರಿಗಿಂತ ಕೊನೆಗೆ ಬಂದಳು. ಬಂದವಳೇ ಅಕ್ಕನ ಭುಜದ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿದಳು.

"ದೋಣಿ ಬಂಡೆಗೆ ಹೊಡೀತು. ಹುಡುಗಿ ಈಜಿ ದಡ ಸೇರಿದ್ಲು. ಮುದುಕ ಮುಳುಗಿಹೋದ."

ಟೈಲರಕ್ಕ ಉಸಿರು ಬಿಟ್ಟಳು. ಹೌದು, ಅದಕ್ಕೇ ಅತ್ತಿರಬೇಕು. ಸರಿಹೋಗುತ್ತದೆ. ಧೈರ್ಯ ತಂದುಕೊಂಡು ಗಟ್ಟಿಯಾಗಿ ಹೇಳಿದಳು: "ಸರಿ!"

ಕಂಡಕ್ಟರ್ ಚಪ್ಪಾಳೆ ತಟ್ಟಿದ. "ಈಗ ನನ್ನ ಸರದಿ, ಕೊಡಿ ಇತ್ಲಾಗೆ" ಎಂದು ಪುಸ್ತಕಕ್ಕೆ ಕೈ ಹಾಕಿದ. ಅಕ್ಕನ ಭುಜದ ಮೇಲಿನ ತಂಗಿಯ ಕೈ ಮಾತ್ರ ಏಳಲಿಲ್ಲ. ಅದು ಅಂಗಿಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಟೈಲರಕ್ಕ ಮುಖವೆತ್ತಿ ನೋಡಿದಳು. ಕಾಫಿ ಹಿಡಿದು ನಿಂತಿದ್ದ ದಿನದ ಮುಖವೇ ಅದು.

"ತಪ್ಪಾಯ್ತಾ?" ಮೆಲ್ಲಗೆ ಕೇಳಿದಳು.

"ಇಲ್ಲ ಅಕ್ಕ, ಸರಿಯಾಗಿದೆ" ಎಂದು ತಂಗಿ ಬೇರೆ ಕಡೆ ನೋಡಿದಳು. ಆಮೇಲೆ ಔಷಧಿ ಅಂಗಡಿಯವರು ಯಾವುದೋ ಕೊಲೆಯ ಕಥೆ ಹೇಳಿದರು. ಅದರಲ್ಲಿ ಯಾರು ಸತ್ತರೋ ಯಾರು ಕೊಂದರೋ, ಅಕ್ಕತಂಗಿಯರಿಬ್ಬರ ಕಿವಿಗೂ ಬೀಳಲಿಲ್ಲ.

ಎಲ್ಲರೂ ಹೋದ ಮೇಲೆ ತಂಗಿ ಮೇಜು ಒರೆಸುವ ನೆಪದಲ್ಲಿ ಉಳಿದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ನೀನು ಸುಳ್ಳು ಕೊನೆ ಹೇಳಿದ್ದೆ, ಅಲ್ವೇನೇ?" ಎಂದಳು ಟೈಲರಕ್ಕ.

ತಂಗಿಯ ಕೈ ನಿಂತಿತು. "ಅವತ್ತು ಕತ್ತರಿ ಹಾಕಿದಾಗ್ಲೇ ನಿನ್ನ ಮುಖ ನೋಡಿ ಅನುಮಾನ ಬಂದಿತ್ತು. ನೀನು ಬೈತೀಯ ಅಂತ ಕಾಯ್ತಿದ್ದೆ ಅಕ್ಕ. 'ಓದದೇ ಬಂದಿದ್ದೀಯಾ ಕಳ್ಳಿ' ಅಂತ ಎಲ್ಲರೆದುರು ಬೈದುಬಿಡಲಿ ದೇವ್ರೇ ಅಂತ ಬೇಡ್ಕೊಂಡಿದ್ದೆ. ನೀನು ಸರಿ ಅಂದುಬಿಟ್ಟೆ."

ಟೈಲರಕ್ಕ ಬಾಗಿಲ ಕಡೆ ನೋಡಿದಳು. ಅರ್ಧ ಶಟರಿನ ಕೆಳಗೆ ಬೀದಿಯಲ್ಲಿ ಹೋಗುವವರ ಕಾಲುಗಳು ಮಾತ್ರ ಕಾಣುತ್ತಿದ್ದವು.

"ನಿಜವಾಗ್ಲೂ ಏನಾಗುತ್ತೆ ಕೊನೇಲಿ?"

"ಮುದುಕ ಹುಟ್ಟನ್ನ ಹುಡುಗಿ ಕೈಗೆ ಕೊಡ್ತಾನೆ. ತಾನು ಅವಳ ಜಾಗದಲ್ಲಿ ಹೋಗಿ ಕೂತ್ಕೋತಾನೆ. 'ಈಗ ನೀನೇ ಹೇಳಮ್ಮ, ನಾವು ಎಲ್ಲಿದ್ದೀವಿ' ಅಂತಾನೆ."

ಟೈಲರಕ್ಕನ ಕಣ್ಣು ತುಂಬಿತು. ಇದಕ್ಕೇ ಅತ್ತದ್ದು. ಈಗ ಗೊತ್ತಾಯಿತು. ಮತ್ತೆ ಹೋಗಿಬಿಡುತ್ತದೆ ಎನ್ನುವುದೂ ಗೊತ್ತಾಯಿತು. ಆ ಹೆದರಿಕೆಯಲ್ಲಿಯೇ ತಂಗಿಯ ಕೈ ಹಿಡಿದಳು. "ಚೆನ್ನಾಗಿದೆ ಕಣೇ. ನಾಳೆ ಮತ್ತೆ ಹೇಳ್ತೀಯಾ?"

"ಹೇಳ್ತೀನಿ. ದಿನಾ ಹೇಳ್ತೀನಿ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರವೂ ಹೋಗೋಣ, ನಾನೇ ಕರ್ಕೊಂಡು ಹೋಗ್ತೀನಿ." ಅಷ್ಟು ಹೊತ್ತು ತಂಗಿ ಅದುಮಿಟ್ಟುಕೊಂಡದ್ದು ಹೊರಬಿತ್ತು. "ನಾನೂ ಅದೇ ಅಮ್ಮನ ಮಗಳಲ್ವಾ ಅಕ್ಕ. ನನ್ನ ಸರದಿ ಬಂದಾಗ ಯಾರು ಹೇಳ್ತಾರೆ ನನಗೆ?"

ಟೈಲರಕ್ಕ ಬಾಯಿ ತೆರೆದಳು. ಇಷ್ಟು ವರ್ಷ ಈ ಪುಟ್ಟ ತಂಗಿಗೆ 'ನಾನಿದ್ದೀನಲ್ಲ' ಎಂದು ಹೇಳಿಯೇ ಅಭ್ಯಾಸ. ಈ ಸಲ ಹಾಗೆಂದರೆ ಅದೂ ಸುಳ್ಳು ಕೊನೆಯೇ. ಅವಳು ಕತ್ತರಿಯನ್ನು ತೆಗೆದುಕೊಂಡು, ಶಬ್ದವಾಗದ ಹಾಗೆ ಮುಚ್ಚಿ, ಮೊಳೆಗೆ ಸಿಕ್ಕಿಸಿದಳು.