ಫ್ಯಾನಿನ ಸದ್ದು, ಟೀಚರ ಮಾತು

ನನ್ನ ಮಗಳಿಗೆ ಕಣ್ಣು ಕಾಣುವುದಿಲ್ಲ. ಹುಟ್ಟುವಾಗ ಕಾಣುತ್ತಿತ್ತು. ಕಾಲೇಜಿಗೆ ಹೋಗುವ ಪ್ರಾಯದಲ್ಲಿ ಕಮ್ಮಿಯಾಗುತ್ತಾ ಬಂದು ಪೂರ್ತಿ ಹೋಯಿತು. ಅದಕ್ಕೆ ಅಳುವಷ್ಟು ಆಗಲೇ ಅತ್ತು ಮುಗಿಸಿದ್ದೇವೆ, ಇಲ್ಲಿ ಬರೆಯಲಿಕ್ಕಿಲ್ಲ. ಆಮೇಲೆ ಅವಳು ಬಲ್ಮಠದ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ತುಂಬಾ ವರ್ಷ ದುಡಿದಳು. ಎಲ್ಲರ ಕಿಸೆಗೆ ಮೊಬೈಲ್ ಬಂದ ಮೇಲೆ ಆಫೀಸಿಗೆ ಆಪರೇಟರ್ ಬೇಡವಾಯಿತು. ಮನೆಯಲ್ಲಿ ಕೂತಳು. ನಲವತ್ತು ದಾಟಿದ ಹೆಂಗಸು, ಕೈಕಾಲು ಗಟ್ಟಿ, ತಲೆ ಅದಕ್ಕಿಂತ ಗಟ್ಟಿ, ಬೆಳಗ್ಗಿನಿಂದ ಸಂಜೆವರೆಗೆ ರೇಡಿಯೋದ ಎದುರು. ನೋಡಿದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ಹಾಗಿರುವಾಗ ಒಂದು ಸಂಸ್ಥೆಯಿಂದ ಕೆಲಸದ ಸುದ್ದಿ ಬಂತು. ಕಣ್ಣು ಕಾಣದ ಮಕ್ಕಳಿಗಾಗಿ ಯಾರ್ಯಾರೋ ತಮ್ಮ ಮನೆಯಲ್ಲಿ ಕೂತು ಪಾಠಪುಸ್ತಕ ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರಂತೆ. ಪುಣ್ಯದ ಕೆಲಸ, ಸರಿ. ಆದರೆ ಓದುವವರ ಮನೆಯ ಫ್ಯಾನು, ಮಿಕ್ಸಿ, ನಾಯಿ, ಬಸ್ಸಿನ ಹಾರ್ನು ಎಲ್ಲ ಅದರೊಳಗೆ ಬಂದು ಕೂತಿರುತ್ತದೆ. ಆ ಸದ್ದು ತೆಗೆದು ಪಾಠವನ್ನು ಚೊಕ್ಕ ಮಾಡಿ ಕೊಡಲಿಕ್ಕೆ ಜನ ಬೇಕು. ಮನೆಯಿಂದಲೇ ಮಾಡಬಹುದು, ಸಂಬಳ ಉಂಟು. ಪರೀಕ್ಷೆಗೆಂದು ಒಂದು ಪಾಠ ಕಳಿಸಿದರು. "ಸೋಮವಾರದೊಳಗೆ ಸರಿ ಮಾಡಿ ಕಳಿಸಿ. ಯಾವ ಸಾಫ್ಟ್‌ವೇರಿನಲ್ಲಿ ಬೇಕಾದರೂ ಮಾಡಿ, ಆದರೆ ನೀವೊಬ್ಬರೇ ಮಾಡುವ ಹಾಗಿರಬೇಕು" ಎಂದರು.

ಅದನ್ನು ಓದಿದವರು ದೇರೆಬೈಲಿನ ಒಬ್ಬ ರಿಟೈರ್ಡ್ ಟೀಚರು. ಒಳ್ಳೆಯ ಸ್ವರ. ಆದರೆ ತಲೆಯ ಮೇಲೆ ಫ್ಯಾನು ಗುಂಯ್ ಅನ್ನುತ್ತಾ ಉಂಟು, ನಡುನಡುವೆ ಒಂದು ಕಾಗೆ.

"ಫ್ಯಾನು ಬಂದ್ ಮಾಡಿ ಓದಲಿಕ್ಕೆ ಇವರಿಗೆ ಎಂತ ದಾಡಿ?" ಎಂದೆ ನಾನು.

"ಈ ಸೆಕೆಯಲ್ಲಿ ಫ್ಯಾನಿಲ್ಲದೆ ಓದಲಿಕ್ಕೆ ಅವರೇನು ಸನ್ಯಾಸಿಯಾ ಅಮ್ಮಾ" ಎಂದಳು ಮಗಳು.

ನನ್ನ ಅಣ್ಣನ ಮಗ ಮದುವೆ ವಿಡಿಯೋ ತೆಗೆಯುವವನು. ಅವನಿಗೆ ಇದೆಲ್ಲ ಗೊತ್ತಿರುತ್ತದೆಂದು ಕರೆದೆವು. ಬಂದವನು ತಾನು ಉಪಯೋಗಿಸುವ ಸಾಫ್ಟ್‌ವೇರನ್ನೇ ಮಗಳ ಲ್ಯಾಪ್‌ಟಾಪಿಗೆ ಹಾಕಿದ. "ಮಾಮಿ, ಈ ಗುಂಡಿ ತಿರುಗಿಸಿದರೆ ಆಯಿತು, ಸದ್ದು ಮಂಗಮಾಯ" ಎಂದ. ನೋಡಲಿಕ್ಕೆ ಬಣ್ಣ ಬಣ್ಣ, ಚಂದ ಉಂಟು.

ಮಗಳ ಕಂಪ್ಯೂಟರಿನಲ್ಲಿ ಮಾತನಾಡುವ ಒಬ್ಬಳು ಇದ್ದಾಳೆ. ಪರದೆಯಲ್ಲಿ ಎಂತ ಉಂಟೋ ಅದನ್ನು ಓದಿ ಹೇಳುತ್ತಾಳೆ. ಅದನ್ನು ಕೇಳಿಕೊಂಡು, ಕೀಗಳನ್ನು ಒತ್ತಿಕೊಂಡು ಮಗಳು ಕೆಲಸ ಮಾಡುವುದು. ಹೊಸ ಸಾಫ್ಟ್‌ವೇರ್ ತೆರೆದ ಕೂಡಲೇ ಆ ಮಾತನಾಡುವವಳು "ಬಟನ್" ಎಂದಳು. ಮಗಳು ಮುಂದಕ್ಕೆ ಒತ್ತಿದಳು. "ಬಟನ್." ಇನ್ನೂ ಮುಂದೆ. "ಬಟನ್."

"ಎಂತದ್ದರ ಬಟನ್ ಮಾರಾಯ್ತಿ, ಅದಕ್ಕೆ ಹೆಸರಿಲ್ಲವಾ?" ಎಂದು ಮಗಳು ಕಂಪ್ಯೂಟರಿಗೇ ಬೈದಳು.

"ಚಿತ್ರ ಉಂಟಲ್ಲ ಮೇಲೆ, ನೋಡಿದರೆ ಗೊತ್ತಾಗ್ತದೆ" ಎಂದ ಅಣ್ಣನ ಮಗ.

"ನೋಡುವ ಹಾಗಿದ್ದರೆ ಬಾವಾ, ಮೊದಲು ನಿಮ್ಮ ಮುಖ ನೋಡಿ ಓಡಿ ಹೋಗುತ್ತಿದ್ದೆ."

ಅವನು ನಕ್ಕ. "ಮಾಮಿ ಇದ್ದಾರಲ್ಲ. ಅವರು ಮೌಸ್ ಹಿಡಿಯಲಿ, ನೀನು ಹೇಳು" ಎಂದು ಬೈಕ್ ಹತ್ತಿ ಹೋದ.

ನಾನು ಮೂರನೇ ಕ್ಲಾಸಿನವಳು. ಆಮೇಲೆ ಬೀಡಿ ಕಟ್ಟಿದ್ದು. ಕನ್ನಡವಾದರೆ ಕೂಡಿಸಿ ಕೂಡಿಸಿ ಓದುತ್ತೇನೆ, ಇಂಗ್ಲಿಷ್ ಅಂದರೆ ನನಗೆ ಇರುವೆ ಸಾಲು. ಕಣ್ಣಿದ್ದವಳಿಗೆ ಓದಲು ಬರುವುದಿಲ್ಲ, ಓದು ಬರುವವಳಿಗೆ ಕಣ್ಣಿಲ್ಲ. ಇಬ್ಬರೂ ಒತ್ತಿಕೊಂಡು ಕೂತೆವು.

"ಎಂತ ಕಾಣ್ತದೆ ಅಮ್ಮಾ?"

"ನಂಗ್ ಜಾತಿಯ ಮೀನು ತಿಂದು ಬಟ್ಟಲಲ್ಲಿ ಬಿಟ್ಟ ಮುಳ್ಳಿನ ಹಾಗೆ. ಉದ್ದಕ್ಕೆ ಉಂಟು."

"ಅದು ಟೀಚರ ಸ್ವರದ ಚಿತ್ರ."

"ಟೀಚರಿಗೆ ಹೇಳಬೇಡ."

"ಉರುಟು ಗುಂಡಿ ಕಾಣ್ತದಾ?"

"ಒಂದಲ್ಲ, ಸಾಲಿಗೆ ಉಂಟು. ಗ್ಯಾಸ್ ಒಲೆಯ ಹಾಗೆ."

"ಮೊದಲನೆಯದ್ದು. ಸ್ವಲ್ಪ ತಿರುಗಿಸು."

ಸ್ವಲ್ಪ ಅಂದರೆ ಎಷ್ಟು? ಚಾಕ್ಕೆ ಸಕ್ಕರೆ ಹಾಕುವ ಸ್ವಲ್ಪ ಬೇರೆ, ಮೀನಿಗೆ ಉಪ್ಪು ಹಾಕುವ ಸ್ವಲ್ಪ ಬೇರೆ. ಫ್ಯಾನು ನಿಲ್ಲುವವರೆಗೆ ತಿರುಗಿಸಿದೆ. ನಿಂತಿತು. ಟೀಚರು ನಮ್ಮ ಜಗಲಿಯಲ್ಲಿ ಕೂತು ಓದಿದ ಹಾಗೆ ಕೇಳಿತು. ಇಷ್ಟೇ ಕೆಲಸವಾ ಎಂದು ಊಟ ಬಡಿಸಲು ಎದ್ದೆ. ಆಗ ಟೀಚರು ಹೇಳಿದರು: "ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟುವುದು ಸರಿ."

"ಎಂತ ಟೀಚರು ಇವರು! ಮಕ್ಕಳನ್ನು ಕೊಲ್ಲಲಿಕ್ಕೆ ಹೊರಟಿದ್ದಾರಾ?" ಎಂದು ನಾನು ನಿಂತೆ.

ಮಗಳು ನಗಲಿಲ್ಲ. ಫ್ಯಾನು ಇರುವ ಹಳೆಯ ರೆಕಾರ್ಡನ್ನು ಹಾಕಿ ಅದೇ ಜಾಗ ಹುಡುಕಿದಳು. "ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟುವುದು ಸರಿ ಅಲ್ಲ." ಅಲ್ಲ ಎನ್ನುವುದು ಉಂಟು, ಆದರೆ ಮೆಲ್ಲಗೆ, ಉಸಿರು ಮುಗಿಯುವಲ್ಲಿ. ನಾವು ಮಾತನಾಡುವುದೇ ಹಾಗೆ. ಎಲ್ಲವನ್ನೂ ಉದ್ದಕ್ಕೆ ಹೇಳಿ ಕೊನೆಗೆ ಅಲ್ಲ, ಇಲ್ಲ, ಬೇಡ ಅನ್ನುತ್ತೇವೆ. ಅಷ್ಟರಲ್ಲಿ ಸ್ವರ ಇಳಿದಿರುತ್ತದೆ. ಇಳಿದ ಸ್ವರವನ್ನು ಇದು ಫ್ಯಾನಿನ ಲೆಕ್ಕಕ್ಕೆ ಹಾಕಿ ತೆಗೆದುಬಿಟ್ಟಿತ್ತು. ಇನ್ನೂ ಕೇಳಿದರೆ, ಚರಂಡಿ ನೀರಲ್ಲಿ ಆಡುವುದೂ ಸರಿ ಎಂದಾಗಿತ್ತು.

"ಕಣ್ಣಿದ್ದವರಾದರೆ ಪುಸ್ತಕ ತೆಗೆದು ನೋಡಿಯಾರು. ನಮ್ಮ ಮಕ್ಕಳಿಗೆ ಕೇಳಿದ್ದೇ ಪುಸ್ತಕ" ಎಂದಳು ಮಗಳು.

ಹಿಂದಕ್ಕೆ ತಿರುಗಿಸು ಎಂದಳು. ತಿರುಗಿಸಿದೆ, ಫ್ಯಾನು ಪೂರಾ ವಾಪಸು ಬಂತು. ಮುಂದೆ ಎಂದಳು, ಟೀಚರ ಮಾತಿನ ಬಾಲ ಹೋಯಿತು. ಗುಂಡಿ ಎಲ್ಲಿ ನಿಂತಿದೆಯೆಂದು ಆ ಮಾತನಾಡುವವಳು ಹೇಳುವುದಿಲ್ಲ. ನನ್ನ ಕೈ ನಡುಗುತ್ತದೆ, ಒಂದು ಕಣ್ಣಿನ ಪೊರೆ ತೆಗೆಸಿ ಆಗಿದೆ, ಇನ್ನೊಂದು ಬಾಕಿ. ಮಧ್ಯಾಹ್ನದ ಊಟ ತಣ್ಣಗಾಯಿತು.

"ಸ್ವಲ್ಪ ಅಂದದ್ದು ಅಮ್ಮಾ, ಸ್ವಲ್ಪ!"

"ಅಷ್ಟು ಗೊತ್ತಿದ್ದರೆ ನೀನೇ ತಿರುಗಿಸು!"

"ನನಗೆ ಆಗ್ತಿದ್ದರೆ ನಿನ್ನನ್ನು ಯಾಕೆ ಕೂರಿಸುತ್ತಿದ್ದೆ?"

ಆ ಮಾತು ಬಂದ ಮೇಲೆ ನಾನು ಮೌಸ್ ಬಿಟ್ಟು ತಣ್ಣಗಿನ ಊಟ ಬಡಿಸಲು ಎದ್ದೆ. ಕೆಲಸ ಸಿಕ್ಕಿದರೂ ದಿನಾ ಹೀಗೆ ಇಬ್ಬರು ಕೂರಬೇಕಾದರೆ ಅದು ಅವಳ ಕೆಲಸ ಹೇಗೆ ಆಗುತ್ತದೆ? ಮತ್ತೆ ನಾನು ಈ ಲೋಕದಲ್ಲಿ ಗೂಟ ಹೊಡೆದುಕೊಂಡು ಕೂರುವವಳೂ ಅಲ್ಲ.

ಸಂಜೆ ಅವಳು ಸುರತ್ಕಲ್‌ನ ಸ್ನೇಹಿತನಿಗೆ ಫೋನ್ ಮಾಡಿದಳು. ಅವನಿಗೂ ಕಣ್ಣು ಕಾಣುವುದಿಲ್ಲ, ಬ್ಯಾಂಕಿನಲ್ಲಿದ್ದಾನೆ. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿತು.

"ಅದನ್ನು ತೆಗೆದು ಬಿಸಾಡಿ ಮಾರಾಯ್ರೆ. ಮೌಸ್ ಇಲ್ಲದೆ ನಡೆಯದಿದ್ದರೆ ಅದು ನಮ್ಮದ್ದಲ್ಲ" ಎಂದ. ಅವನು ಹೇಳಿದ್ದು ಬೇರೊಂದು, ಧರ್ಮಕ್ಕೆ ಸಿಗುವಂಥದ್ದು. ನೋಡಲಿಕ್ಕೆ ಹಳೇ ಕಾಲದ್ದು ಎಂದು ಕಣ್ಣಿದ್ದವರು ಮೂಗು ಮುರಿಯುತ್ತಾರಂತೆ. "ನಮಗೆಂತ ಅದರ ರೂಪ ಕಟ್ಟಿಕೊಂಡು? ಮದುವೆಯಾಗಲಿಕ್ಕುಂಟಾ? ಎಲ್ಲ ಕೀಯಲ್ಲಿ ಆಗ್ತದೆ, ಪ್ರತಿಯೊಂದಕ್ಕೂ ಹೆಸರುಂಟು, ಎಷ್ಟು ಅಂತ ಅಂಕೆ ಓದಿ ಹೇಳ್ತದೆ. ತಪ್ಪಿದರೆ ಹಿಂದೆ ಬರಬಹುದು."

ಮಾಡುವ ಕ್ರಮವನ್ನೂ ಹೇಳಿದ. ಮೊದಲು ಯಾರೂ ಮಾತನಾಡದ, ಬರೀ ಫ್ಯಾನು ಕೇಳುವ ಜಾಗ ಹುಡುಕಬೇಕು. ಸದ್ದು ಅಂದರೆ ಇದು ಎಂದು ಸಾಫ್ಟ್‌ವೇರಿಗೆ ಪರಿಚಯ ಮಾಡಿಸಬೇಕು. ಆಮೇಲೆ ಎಷ್ಟು ತೆಗೆಯಬೇಕೆಂದು ಅಂಕೆ ಒತ್ತುವುದು. "ಪೂರ್ತಿ ತೆಗೆಯಲಿಕ್ಕೆ ಹೋಗಬೇಡಿ, ಆಸೆ ಮಾಡಿದರೆ ಸ್ವರವೂ ಹೋಗ್ತದೆ."

ಮಗಳು ಅದನ್ನು ತಾನೇ ಹಾಕಿಕೊಂಡಳು. ಟೀಚರು ಒಮ್ಮೆ ಓದು ನಿಲ್ಲಿಸಿ, ಗ್ಯಾಸಿನವನಿಗೆ ಬಾಗಿಲು ತೆರೆಯಲು ಎದ್ದು ಹೋಗಿದ್ದರು. ಅಲ್ಲಿ ಫ್ಯಾನು ಒಂದೇ ತಿರುಗುತ್ತಿತ್ತು. ಆ ತುಂಡನ್ನು ಹಿಡಿದಳು. ನಾನು ಹಿಂದೆ ಮಂಚದಲ್ಲಿ ಕೂತು ಅಲಸಂಡೆ ತುಂಡು ಮಾಡುತ್ತಿದ್ದೆ. ಅಂಕೆ ಒತ್ತುವುದು, ಕೇಳುವುದು, ಹಿಂದೆ ಬರುವುದು, ಕಮ್ಮಿ ಮಾಡುವುದು. ಒಂದು ಸಲವೂ ನನ್ನನ್ನು ಕೇಳಲಿಲ್ಲ. ಅಲಸಂಡೆ ಮುಗಿದರೂ ಎದ್ದು ಹೋಗದೆ ಕೂತಿದ್ದೆ, ಯಾವಾಗ ಕರೆಯುತ್ತಾಳೋ ಎಂದು. ಕರೆಯಲಿಲ್ಲ.

ಭಾನುವಾರ ಅಣ್ಣನ ಮಗ ಬಂದು ಕೇಳಿದ. ಫ್ಯಾನು ಪಕ್ಕದ ಮನೆಗೆ ಹೋದ ಹಾಗೆ ಸಣ್ಣದಾಗಿ ಇತ್ತು. ಕಾಗೆ ಕಾಗೆಯಷ್ಟೇ ಇತ್ತು. ಮಾತು ಕೊನೆಯವರೆಗೆ ಸ್ಪಷ್ಟ.

"ಇದಕ್ಕಿಂತ ನನ್ನದೇ ಕ್ಲೀನ್" ಎಂದ. ಅದು ಸುಳ್ಳಲ್ಲ. ಆದರೆ ಅದರಲ್ಲಿ ಮಾತಿನ ಬಾಲ ಹೋದದ್ದನ್ನು ನಾನು ಹೇಳಿದೆ. "ಕೊಡು, ಬಾಲ ಹೋಗದ ಹಾಗೆ ನಾನೇ ನನ್ನದರಲ್ಲಿ ಮಾಡಿ ಕೊಡ್ತೇನೆ. ಕಾಗೆಯನ್ನೂ ಓಡಿಸ್ತೇನೆ. ಯಾರಿಗೆ ಗೊತ್ತಾಗ್ತದೆ?"

ಮಗಳ ಕೈ ಕೀಯ ಮೇಲೆ ನಿಂತಿತು. ಅವಳಿಗೆ ಆಸೆಯಾಗಿತ್ತು, ನನಗೆ ಕಾಣುತ್ತಿತ್ತು. ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

"ಈ ಪಾಠ ನೀನು ಮಾಡ್ತಿ. ಮುಂದಿನ ಪಾಠಕ್ಕೆ ಯಾವ ಮದುವೆ ಬಿಟ್ಟು ಬರ್ತಿ?" ಎಂದು ಕೇಳಿದೆ.

ಅವನು ಬಾಯಿ ತೆರೆಯುವ ಮೊದಲೇ ಮಗಳು, "ಕೆಲಸ ಸಿಕ್ಕಿದರೆ ನನಗೇ ಸಿಗಲಿ ಬಾವಾ. ಚಾ ಕುಡಿದು ಹೋಗಿ" ಎಂದು ಕೀ ಒತ್ತಿದಳು. ತನ್ನದನ್ನೇ ಕಳಿಸಿದಳು, ಕಾಗೆ ಸಮೇತ.

ಆ ವಾರವೇ ಸಂಸ್ಥೆಯ ಹೆಂಗಸೊಬ್ಬರು ಫೋನ್ ಮಾಡಿದರು. "ಹಿಂದೆ ಫ್ಯಾನು ಸ್ವಲ್ಪ ಕೇಳ್ತದೆ" ಎಂದರು. ಹೋಯಿತು ಎಂದುಕೊಂಡೆ. "ಆದರೆ ಒಂದು ಶಬ್ದವೂ ಬಿದ್ದು ಹೋಗಿಲ್ಲ. ಕೆಲವರು ಕಳಿಸಿದ್ದು ಬಹಳ ಕ್ಲೀನ್ ಉಂಟು, ವಾಕ್ಯದ ಕೊನೆಯೇ ಇಲ್ಲ." ಮೂರು ತಿಂಗಳು ಮಾಡಿ ನೋಡುವ ಎಂದರು. ಮಗಳು "ಆಯ್ತು ಮೇಡಂ" ಎಂದು ಫೋನಿಟ್ಟು, ಅಡಿಗೆ ಕೋಣೆಗೆ ಬಂದು, ಮೀನಿಗೆ ಎಷ್ಟು ಖಾರ ಹಾಕಿದ್ದೀ ಎಂದು ಜಗಳ ತೆಗೆದಳು. ಖುಷಿಯಾದರೆ ಅವಳು ಜಗಳ ತೆಗೆಯುವುದು.

ಈಗ ಅವಳು ಬಾಗಿಲು ಹಾಕಿಕೊಂಡು ಕೂರುತ್ತಾಳೆ. ನಾನು ಮೊದಮೊದಲು ಬಾಗಿಲು ತಟ್ಟಿ, "ಎಂತಾದರೂ ನೋಡಿ ಹೇಳಬೇಕಾ?" ಎಂದು ಕೇಳುತ್ತಿದ್ದೆ. "ನೀನು ತಟ್ಟುವ ಸದ್ದೇ ಜಾಸ್ತಿ ಅಮ್ಮಾ" ಎಂದಳು. ಬಿಟ್ಟೆ.

ಮೊನ್ನೆ ಅವಳನ್ನು ಮನೆಯಲ್ಲಿ ಬಿಟ್ಟು ತಂಗಿಯ ಮನೆಗೆ ಹೋದೆ. ಹಾಗೆ ಹೋದವಳೇ ಅಲ್ಲ ನಾನು. ಅಲ್ಲಿ ಊಟ ಮಾಡಿ, ಒಂದು ನಿದ್ದೆ ಮಾಡಿ, ಸಂಜೆ ಬಸ್ಸಿಗೆ ವಾಪಸು ಬಂದೆ. ಬಾಗಿಲ ಸದ್ದಿಗೆ ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು.

"ಇಷ್ಟು ಬೇಗ ಯಾಕೆ ಬಂದೆ ಅಮ್ಮಾ? ಇನ್ನೂ ಅರ್ಧ ಪಾಠ ಬಾಕಿ ಉಂಟು."