ಮರಿಯಣ್ಣನ ಕಲ್ಯಾಣಿ

ಮರಿಯಣ್ಣ ಮಾಲಿಯಾಗಿ ತ್ಯಾಗರಾಜನಗರಕ್ಕೆ ಬಂದಾಗ ಅಲ್ಲಿ ಪಾರ್ಕೇ ಇರಲಿಲ್ಲ. ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿ, ಸುತ್ತ ಲಂಟಾನ, ಮೇಯಲು ಬರುವ ಕತ್ತೆಗಳು. ಗುಂಡಿ ಮುಚ್ಚಿಸಿ, ಹುಲ್ಲು ಬೆಳೆಸಿ, ಹೊಂಗೆ ನೆಟ್ಟವನು ಅವನೇ. ಆಮೇಲೆ ಕಲ್ಲುಬೆಂಚು, ಉಯ್ಯಾಲೆ, ಜಾರುಬಂಡೆ, ಸಂಜೆ ವಾರ್ತೆ ಕೇಳಿಸುವ ರೇಡಿಯೋ ಮಂಟಪ ಒಂದೊಂದಾಗಿ ಬಂದವು. ರೇಡಿಯೋದ ಕಿವಿ ಹಿಂಡುವ ಅಧಿಕಾರ ಮರಿಯಣ್ಣನದಾದ್ದರಿಂದ ಪಿಂಚಣಿದಾರರು ಅವನನ್ನು ಬಲು ನಯವಾಗಿ ಮಾತಾಡಿಸುತ್ತಿದ್ದರು.

೧೯೭೮ರಲ್ಲಿ ಪಾರ್ಕಿಗೆ ಇಪ್ಪತ್ತು ತುಂಬಿತು. ಬೋರ್ಡು ಬರೆಸಲು ಬಂದ ಸಾಹೇಬರು ಜಾಗದ ಇತಿಹಾಸ ಕೇಳಿದರು. ಕತ್ತೆ ಮೇಯುತ್ತಿದ್ದ ಗುಂಡಿ ಎನ್ನಲು ಮರಿಯಣ್ಣನಿಗೆ ನಾಲಿಗೆ ಏಳಲಿಲ್ಲ.

"ಕಲ್ಯಾಣಿ ಇತ್ತು ಸ್ವಾಮಿ, ಪಾಳೇಗಾರರ ಕಾಲದ್ದು" ಎಂದುಬಿಟ್ಟ.

ಮೆಟ್ಟಿಲೆಷ್ಟು ಎಂದರು ಸಾಹೇಬರು. ಅರವತ್ತು ಎಂದ. ಬರೆದುಕೊಂಡರು.

ಹದಿನೈದು ದಿನಕ್ಕೆ ಹಳದಿ ಬೋರ್ಡು ಬಂತು. ಮರಿಯಣ್ಣನಿಗೆ ಓದಲು ಬರುತ್ತಿದ್ದುದೇ ತೊಂದರೆಯಾಯಿತು. ಬೆಳಿಗ್ಗೆ ಗೇಟು ತೆರೆದರೆ ತನ್ನದೇ ಸುಳ್ಳು ಎದುರಿಗೆ. ಅಷ್ಟರಲ್ಲಿ ಹಿಂದಿನ ಬೀದಿಯ ಕಾವೇರಮ್ಮ ಅಲ್ಲಿ ಗಂಗಮ್ಮ ನೆಲೆಸಿದ್ದಾಳೆಂದು ಜಾರುಬಂಡೆಯ ಬುಡಕ್ಕೆ ಪೂಜೆ ಶುರುಮಾಡಿದರು. ಮಕ್ಕಳು ಚಡ್ಡಿಯ ಹಿಂಭಾಗಕ್ಕೆಲ್ಲ ಕುಂಕುಮ ಬಳಿದುಕೊಂಡು ಮನೆಗೆ ಹೋಗತೊಡಗಿದವು.

ತಡೆಯಲಾರದೆ ಒಂದು ಸಂಜೆ ಅವನು ನಿವೃತ್ತ ಹೆಡ್ಮಾಸ್ತರ ನರಸಿಂಹಯ್ಯನವರೆದುರು ಕೈಮುಗಿದು ನಿಂತ.

"ತಪ್ಪಾಯ್ತು ಮೇಷ್ಟ್ರೇ. ಕಲ್ಯಾಣಿ ಗಿಲ್ಯಾಣಿ ಏನೂ ಇರ್ಲಿಲ್ಲ. ನಾನೇ ಹುಟ್ಟಿಸಿ ಹೇಳಿದ್ದು."

ಮೇಷ್ಟ್ರು ಕನ್ನಡಕ ತೆಗೆದರು. "ನಿನಗೇನಯ್ಯ ಗೊತ್ತು? ನೀನು ಬಂದಿದ್ದು ಆಮೇಲೆ. ನಾನು ಈಜು ಕಲ್ತಿದ್ದೇ ಅದ್ರಲ್ಲಿ."

ಪಕ್ಕದಲ್ಲಿದ್ದ ಶೀನಣ್ಣ ತನ್ನ ಅಣ್ಣ ಅಲ್ಲೇ ಮುಳುಗಿ ಬದುಕಿದನೆಂದ. ಮೆಟ್ಟಿಲು ಮಾತ್ರ ನಲವತ್ತೆಂಟೇ ಎಂದು ಹಟ ಹಿಡಿದ. ಜಗಳದಲ್ಲಿ ವಾರ್ತೆ ಮುಗಿದುಹೋದದ್ದು ಯಾರಿಗೂ ತಿಳಿಯಲಿಲ್ಲ. ಮರಿಯಣ್ಣನಿಗೆ ಮೊದಲು ನಿರಾಳವಾಯಿತು, ಮನೆ ಮುಟ್ಟುವಷ್ಟರಲ್ಲಿ ಸಿಟ್ಟೂ ಬಂತು: ಗಾಡಿಗಟ್ಟಲೆ ಮಣ್ಣು ಸುರಿಸಿದವನು ತಾನು, ತನಗೇ ಗೊತ್ತಿಲ್ಲವಂತೆ.

ಮೆಟ್ಟಿಲ ಲೆಕ್ಕ ತೀರಲೆಂದು ಹಿರಿಯರು ಅರ್ಜಿ ಗುಜರಾಯಿಸಿದರು. ಕೂಲಿಯವರು ಬಂದು ಹುಲ್ಲು ಕಿತ್ತು ಆಳುದ್ದ ಅಗೆದರು. ಏನೂ ಸಿಗಲಿಲ್ಲ. ಇನ್ನೂ ಕೆಳಗಿರಬೇಕು ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಮುಚ್ಚುವುದಕ್ಕೆ ಬೇರೆ ಆರ್ಡರು ಬೇಕಂತೆ. ಅದು ಬರಲೇ ಇಲ್ಲ. ಮಳೆ ಬಂತು, ಗುಂಡಿ ತುಂಬಿತು. ಮರಿಯಣ್ಣ ಬೈದುಕೊಳ್ಳುತ್ತಲೇ ಸುತ್ತ ಬೇಲಿ ಕಟ್ಟಿ, ಎಲ್ಲಿಂದಲೋ ತಾವರೆ ಗೆಡ್ಡೆ ತಂದು ಇಳಿಬಿಟ್ಟ.